ಎಡಕ್ಕೆ ನಾಲ್ಕು ಬೆರಳು

ನನ್ನ ತಂಗಿ ಸಿದ್ದಲಿಂಗಮ್ಮ ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು, ಗಂಡನ ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ ಎಡಗಣ್ಣಿಗೆ ಔಷಧಿ ಹಾಕುತ್ತಾಳೆ. ಬಲಗಣ್ಣಿಗೆ ಹಾಕುವುದಿಲ್ಲ. ಅದಕ್ಕೆ ಹಾಕಿ ಪ್ರಯೋಜನವಿಲ್ಲ. ಮನೆಗೆ ಯಾರಾದರೂ ಬಂದರೆ ನಮ್ಮ ಶಿವರುದ್ರಪ್ಪನವರು, ವರ್ಷಾನುಗಟ್ಟಲೆ ಟಿವಿಯ ಮುಂದೆ ದುಡಿದು ಸಂಸಾರಕ್ಕಾಗಿ ಒಂದು ಕಣ್ಣು ಕೊಟ್ಟೆ ಎಂದು ಹೇಳಿಕೊಳ್ಳುತ್ತಾರೆ. ಬಂದವರು ಅಯ್ಯೋ ಪಾಪ ಎನ್ನುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಆ ಕಣ್ಣು ಉಳಿಯಬಹುದಿತ್ತು. ಅದು ಎಷ್ಟೆಷ್ಟು ಹೋಗುತ್ತಿದೆ ಎಂಬುದನ್ನು ಚಾಮರಾಜಪುರಂನ ಪಡ್ಡೆಗಳೆಲ್ಲ, ಕಣ್ಣಿನ ಸುದ್ದಿ ಎಂದು ತಿಳಿಯದೆಯೇ, ಬೆರಳಿನಲ್ಲಿ ಅಳೆಯುತ್ತಿದ್ದರು. ಅಳತೆ ಒಪ್ಪದವರು ಆ ಕಣ್ಣಿನ ಯಜಮಾನರೊಬ್ಬರೇ.

ನಾನು ಚಂದ್ರಮತಿ, ಸಿದ್ದಲಿಂಗಮ್ಮನ ಅಕ್ಕ. ಮದುವೆಯ ಗೋಜಿಗೆ ಹೋಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಕಿವಿಯಿಂದಲೇ ಅನ್ನ ತಿಂದವಳು. ಈ ಮನೆ ನಮ್ಮಪ್ಪ ಗುರುಮಲ್ಲಪ್ಪನವರದು. ಬೀದಿಗಿರುವ ಕೋಣೆಯಲ್ಲಿ ಅವರು ವಿಭೂತಿ, ರುದ್ರಾಕ್ಷಿ, ಶಿವದಾರ ಮಾರುತ್ತಿದ್ದರು. ಮಠಗಳಿಗೂ ಇಲ್ಲಿಂದಲೇ ಹೋಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿ, ಮನೆ ಎರಡೂ ಅಳಿಯನ ಕೈಗೆ ಬಂದವು. ಮಾವ ಕಟ್ಟಿಸಿದ ಮನೆಯಲ್ಲಿ ಉಂಡು, ಮಾವ ಮಾಡಿಸಿದ ಮಂಚದಲ್ಲಿ ಮಲಗುವುದಕ್ಕೆ ಅಡ್ಡಿಯಾಗದ ಘನತೆಗೆ ಮಾವನ ವಿಭೂತಿ ಮಾರುವುದು ಮಾತ್ರ ಕಡಿಮೆಯಾಗಿ ಕಂಡಿತು.

ಆ ಘನತೆ ಬಂದದ್ದು ಅವರ ತಾತನಿಂದ. ತಾತ ಅರಮನೆಯವರ ಜೊತೆ ಕಾಕನಕೋಟೆ ಕಾಡಿಗೆ ಶಿಕಾರಿಗೆ ಹೋಗುತ್ತಿದ್ದರಂತೆ. ಗುರಿ ಎನ್ನುವುದು ನಮ್ಮ ರಕ್ತದಲ್ಲೇ ಇದೆ ಎಂದು ಶಿವರುದ್ರಪ್ಪನವರು ಊಟಕ್ಕೆ ಕೂತಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಶಿಕಾರಿ ಎಲ್ಲಿಂದ ಬಂತು ಎಂದು ತಂಗಿಯ ಮದುವೆಯ ಹೊಸತರಲ್ಲೇ ನಾನು ಅವರ ಸೋದರತ್ತೆಯನ್ನು ಕೇಳಿದ್ದೆ. ಆಯಮ್ಮ ಸುಳ್ಳು ಹೇಳಲಿಲ್ಲ. ತಾತ ಶಿಕಾರಿಯ ಬಿಡಾರಕ್ಕೆ ಬೇಳೆ, ಬೆಲ್ಲ, ಹುಣಸೆಹಣ್ಣಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು, ಗುಂಡಿನ ಸದ್ದು ಕೇಳಿದರೆ ಗಾಡಿಯ ಕೆಳಗೆ ನುಸುಳಿ ಕೂರುತ್ತಿದ್ದರು ಎಂದರು.

ತೊಂಬತ್ತರ ದಶಕದ ನಡುವಿನಲ್ಲಿ ಈ ಶಿಕಾರಿ ವಂಶದವರು ಅಪ್ಪನ ಗಾಜಿನ ಬೀರುಗಳನ್ನು ಹಿತ್ತಿಲಿಗೆ ಹಾಕಿಸಿ ವಿಡಿಯೋ ಗೇಮ್ ಅಂಗಡಿ ತೆರೆದರು. ನಾಲ್ಕು ಟಿವಿ, ನಾಲ್ಕು ಆಟದ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಬಂದೂಕು. ಟಿವಿಯಲ್ಲಿ ಬಾತುಕೋಳಿ ಹಾರುತ್ತದೆ, ಬಂದೂಕು ಹಿಡಿದು ಟಪ್ ಎಂದರೆ ಬೀಳುತ್ತದೆ. ಗಿರಾಕಿಗಳು ಕಾಯುತ್ತ ನಿಂತಿದ್ದರೂ ಬಂದೂಕು ಯಜಮಾನರ ಕೈಯಲ್ಲೇ ಇರುತ್ತಿತ್ತು. ನಿಜ ಹೇಳಬೇಕು, ಆಗ ಅವರ ಗುರಿ ಚೆನ್ನಾಗಿತ್ತು. ಗಾಜಿನ ಹಿಂದಿರುವ ಬಾತುಕೋಳಿ ಹೊಡೆಯುವುದು ಒಂದು ವಿದ್ಯೆ ಎನ್ನುವುದಾದರೆ ಅವರು ವಿದ್ಯಾವಂತರೇ. ಎರಡೂ ಕಣ್ಣು ಬಿಟ್ಟು ಹೊಡೆಯುತ್ತಿದ್ದರು. ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುವವರನ್ನು ಕಂಡರೆ ಅವರಿಗೆ ತಾತ್ಸಾರ. ಅದು ಹೆದರುಪುಕ್ಕಲರ ಕೆಲಸವಂತೆ.

ಹೊಸ ಶತಮಾನ ಬಂದಾಗ ಆ ಪೆಟ್ಟಿಗೆಗಳು ಎಲ್ಲರ ಮನೆಗೂ ಬಂದು ಅಂಗಡಿ ಖಾಲಿ ಹೊಡೆಯಿತು. ಆಗ ಕೈಹಿಡಿದವನು ಹಿನಕಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಮರೇಶ್. ದೊಡ್ಡ ಊರುಗಳ ಆಟದ ಅಂಗಡಿಗಳಲ್ಲಿ ಬೀರುವಿನಷ್ಟು ದೊಡ್ಡ ಯಂತ್ರಗಳಿರುತ್ತವಲ್ಲ, ಕಾಸು ಹಾಕಿ ಕಳ್ಳರನ್ನೂ ಎದ್ದು ಬರುವ ಹೆಣಗಳನ್ನೂ ಹೊಡೆಯುವಂಥವು, ಆ ಆಟಗಳನ್ನೆಲ್ಲ ಸಾಮಾನ್ಯ ಕಂಪ್ಯೂಟರಿನಲ್ಲೇ ಆಡಿಸುವ ಎಮ್ಯುಲೇಟರ್ ಎಂಬುದೊಂದು ಬಂದಿದೆ ಎಂದು ಅವನು ಹೇಳಿದ. ಕಂಪ್ಯೂಟರ್ ತಂದು, ಇದ್ದುದರಲ್ಲಿ ದೊಡ್ಡ ಟಿವಿಗೆ ಜೋಡಿಸಿ, ಲೈಟ್ ಗನ್ ಎಂಬ ಹೊಸದೊಂದು ಪ್ಲಾಸ್ಟಿಕ್ ಪಿಸ್ತೂಲು ತರಿಸಿಕೊಟ್ಟ. ಆ ಸುತ್ತಮುತ್ತಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಮಹಾರಾಜ ಕಾಲೇಜಿನ ಕಡೆಯಿಂದೆಲ್ಲ ಹುಡುಗರು ಬರತೊಡಗಿದರು.

ಶಿವರುದ್ರಪ್ಪನವರಿಗೆ ಅಷ್ಟು ಸಾಲಲಿಲ್ಲ. ಬಂದೂಕು ಎಂದರೆ ಭುಜಕ್ಕೆ ಒರಗಬೇಕು. ಆ ಪ್ಲಾಸ್ಟಿಕ್ ಪಿಸ್ತೂಲನ್ನು ಒಬ್ಬ ಆಚಾರಿಯ ಹತ್ತಿರ ಒಯ್ದು ಬೀಟೆ ಮರದ ಹಿಡಿ ಮಾಡಿಸಿ, ಅದರ ಮೇಲೆ ದಂತದ ಬಣ್ಣದ ಬಳ್ಳಿ ಕೆತ್ತಿಸಿ, ನಿಜವಾದ ಕೋವಿಯಂತೆ ಕೆನ್ನೆಗಾನಿಸಿ ಹೊಡೆಯುವ ಹಾಗೆ ಕೂಡಿಸಿದರು. ಪಕ್ಕದಿಂದ ನೋಡಿದರೆ ಮದುವೆಯ ಮೆರವಣಿಗೆಗೆ ಹೊರಟ ಕೋವಿ. ಮೂತಿಯಿಂದ ನೋಡಿದರೆ ಆಟಿಕೆ. ಯಜಮಾನರ ವಿಷಯದಲ್ಲೂ ನಾನು ಅದನ್ನೇ ಹೇಳಬಲ್ಲೆ.

ಈ ಬಂದೂಕಿನ ಮೂತಿಯೊಳಗೆ ಒಂದು ಕಣ್ಣಿದೆ. ಟಿವಿಯ ಬೆಳಕು ನೋಡಿ ತಾನು ತೆರೆಯ ಯಾವ ಜಾಗಕ್ಕೆ ಮುಖ ಮಾಡಿದ್ದೇನೆ ಎಂದು ಅದು ಕಂಡುಕೊಳ್ಳುತ್ತದೆ. ಆದರೆ ಹೊಡೆಯುವವನು ನಿಜವಾಗಿ ಎಲ್ಲಿ ನೋಡುತ್ತಿದ್ದಾನೆ ಎಂದು ಅದಕ್ಕೆ ತಿಳಿಯದು. ಅದನ್ನು ಕಲಿಸಿಕೊಡಬೇಕು. ತೆರೆಯ ನಡುವಿನಲ್ಲೂ ಮೂಲೆಗಳಲ್ಲೂ ಒಂದಾದ ಮೇಲೊಂದು, ಲೆಕ್ಕದಲ್ಲಿ ಬರುವಂಥ ಕೂಡಿಸುವ ಗುರುತು ಮೂಡುತ್ತದೆ. ಪ್ರತಿಯೊಂದಕ್ಕೂ ಗುರಿಯಿಟ್ಟು ಟ್ರಿಗರ್ ಎಳೆದರೆ, ಓಹೋ ಈತ ಹೀಗೆ ಹಿಡಿದಾಗ ನಡು ಎಂದು ಅರ್ಥ ಎಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಇದಕ್ಕೆ ಗುರಿ ಕೂಡಿಸುವುದು ಎಂದು ಹೆಸರು. ದಿನವೂ ಬೆಳಿಗ್ಗೆ ಬಾಗಿಲು ತೆಗೆದು, ಟಿವಿಗೆ ಊದುಬತ್ತಿ ಬೆಳಗಿ, ಬಂದೂಕಿಗೆ ವಿಭೂತಿ ಹಚ್ಚಿ ಶಿವರುದ್ರಪ್ಪನವರು ಗುರಿ ಕೂಡಿಸುತ್ತಿದ್ದರು. ಆ ಹೊತ್ತಿನಲ್ಲಿ ಒಳಗೆ ಮಾತಾಡಕೂಡದು, ಪಾತ್ರೆ ಸದ್ದಾಗಕೂಡದು. ಬೇರೆ ಯಾರೂ ಕೂಡಿಸಕೂಡದು ಎನ್ನುವುದಂತೂ ಅಂಗಡಿಯ ಕಾನೂನು.

ಮೊದಲ ವರ್ಷ ಎಲ್ಲ ಸರಿಯಿತ್ತು. ಆಮೇಲೆ ನನ್ನ ಕೋಣೆಯ ಕಿಟಕಿಗೆ ಒಂದು ಹೊಸ ಮಾತು ಕೇಳಿಬರತೊಡಗಿತು. ಹಳಬರು ಹೊಸಬರಿಗೆ ಬಂದೂಕು ಕೊಡುವಾಗ ಮೆಲ್ಲಗೆ, ಒಂದು ಬೆರಳು ಎಡಕ್ಕೆ ಇಡೋ ಎನ್ನುತ್ತಿದ್ದರು. ನೇರ ಇಟ್ಟರೆ ಗುಂಡು ಬಲಕ್ಕೆ ಹೋಗುತ್ತಿತ್ತು. ಮರುವರ್ಷ ಅದು ಎರಡು ಬೆರಳಾಯಿತು. ಕೊನೆಗೆ ಹುಡುಗರು ಟಿವಿಯ ಮುಂದೆ ಅಂಗೈ ಅಡ್ಡ ಹಿಡಿದು, ಹೆಬ್ಬೆರಳು ಬಿಟ್ಟು ನಾಲ್ಕು, ಎಂದು ತೋರಿಸಿ ನಗುವಂತಾಯಿತು. ದಿನಾ ಬರುತ್ತಿದ್ದ ಸ್ವರೂಪ್ ಎಂಬ ಕಾಲೇಜು ಹುಡುಗ ಮರ್ಯಾದೆಯಿಂದಲೇ ಬಂದೂಕು ಬಲಕ್ಕೆ ಎಳೆಯುತ್ತಿದೆ ಎಂದು ಹೇಳಿ ನೋಡಿದ. ಶಿವರುದ್ರಪ್ಪನವರು ಅವನ ಕೈಯಿಂದ ಬಂದೂಕು ಕಿತ್ತುಕೊಂಡು ಎದುರಾದ ಹೆಣಗಳನ್ನೆಲ್ಲ ಉರುಳಿಸಿ ತೋರಿಸಿದರು. ಮೈಸೂರಿನಲ್ಲಿ ಈಗಿನವರಿಗೆ ಗುರಿಯೇ ಇಲ್ಲ ಎಂದರು. ಊರಿಗೆ ಊರೇ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುತ್ತಿರುವುದು ಆ ಮಹಾನುಭಾವರಿಗೆ ವಿಚಿತ್ರವೆನಿಸಲಿಲ್ಲ.

ಅಮರೇಶನಿಗೆ ಅನಿಸಿತು. ಅವನೊಮ್ಮೆ ಕಂಪ್ಯೂಟರಿನ ಧೂಳು ತೆಗೆಯಲು ಬಂದಾಗ ಬಂದೂಕು ಬಿಚ್ಚಿ ನೋಡಿ, ಅದರಲ್ಲೇನೂ ದೋಷವಿಲ್ಲವೆಂದ.

"ಅದು ಹೇಳ್ದಂಗೆ ಕೇಳ್ತದೆ ಕಣಣ್ಣ. ನೀವು ಎಲ್ಲಿ ತೋರುಸ್ತೀರೋ ಅದೇ ನಡು ಅಂತ ನಂಬ್ಕೊಂಬುಡ್ತದೆ. ಒಂದಿನ ಬೇರೆ ಯಾರಾದ್ರೂ ಕೂಡಿಸ್ಲಿ ಬುಡಿ, ಗೊತ್ತಾಯ್ತದೆ."

ಅಂದಿನಿಂದ ಅಮರೇಶನಿಗೆ ಅಂಗಡಿಯಲ್ಲಿ ಮರ್ಯಾದೆ ತಪ್ಪಿತು. ಹಿನಕಲ್‌ನವರಿಗೆ ಬಂದೂಕಿನ ವಿಷಯ ಏನು ಗೊತ್ತು ಎಂದು ಯಜಮಾನರು ರಾತ್ರಿಯ ಊಟ ಮುಗಿಯುವ ತನಕ ಆಡಿಕೊಂಡರು.

ಅಷ್ಟರಲ್ಲಿ ಮನೆಯೊಳಗೂ ಏನೇನೋ ಆಗುತ್ತಿತ್ತು. ಬಲಗಡೆ ಇಟ್ಟ ನೀರಿನ ಲೋಟ ಕೈ ತಗಲಿ ಉರುಳುತ್ತಿತ್ತು. ಸ್ಕೂಟರಿನ ಬಲಮಗ್ಗುಲು ಗೇಟಿನ ಕಂಬಕ್ಕೆ ಉಜ್ಜುತ್ತಿತ್ತು. ಶಿವರುದ್ರಪ್ಪನವರ ಪ್ರಕಾರ ಲೋಟ ಇಟ್ಟವಳದು ತಪ್ಪು, ಕಂಬ ನೆಟ್ಟ ನಮ್ಮಪ್ಪನದು ತಪ್ಪು. ಸಿದ್ದಲಿಂಗಮ್ಮ ನನ್ನ ಹಾಗೆ ಬಾಯಿಬಡುಕಿಯಲ್ಲ. ಅವಳು ಸುಮ್ಮನೆ ನೋಡುತ್ತಿದ್ದಳು. ಗಂಡ ಬೆಳಕಿಗೆ ಮುಖ ತಿರುಗಿಸಿ ಪತ್ರಿಕೆ ಓದುವುದು, ಓದುತ್ತ ಓದುತ್ತ ಕತ್ತು ಬಲಕ್ಕೆ ತಿರುಗಿ ಎಡಗಣ್ಣು ಮುಂದೆ ಬರುವುದು ಅವಳಿಗೆ ಕಂಡಿತು. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ಕೇಳಿಕೊಂಡಳು. ಅವರು ಅವಳನ್ನು ಅಂಗಡಿಗೆ ಕರೆದೊಯ್ದು ನಿಲ್ಲಿಸಿ, ಬಂದೂಕು ಭುಜಕ್ಕಾನಿಸಿ ಒಂದಾಟ ಪೂರ್ತಿ ಆಡಿದರು.

"ನೋಡಿದ್ಯಾ? ಒಂದಾದ್ರೂ ತಪ್ತಾ? ಕಣ್ಣು ಕೆಟ್ಟಿದ್ರೆ ಹಿಂಗೆ ಹೊಡೀತಿದ್ನೇನೇ?"

ಸಿದ್ದಲಿಂಗಮ್ಮ ಒಪ್ಪಿಕೊಂಡು ಒಳಗೆ ಬಂದಳು. ಬಲಗಣ್ಣು ಮಂಕಾದಂತೆ ಬಲಭುಜದ ಬಂದೂಕಿಗೆ ಎಡಗಣ್ಣಿನಿಂದ ಗುರಿ ಹಿಡಿದು, ನೋಟ ಬಾಗಿದಷ್ಟೂ ದಿನಾ ಬೆಳಿಗ್ಗೆ ಬಂದೂಕನ್ನೂ ಬಾಗಿಸಿಕೊಂಡು, ಸಂಜೆ ಅದೇ ಬಂದೂಕನ್ನು ಕಣ್ಣಿಗೆ ಸಾಕ್ಷಿಯಾಗಿ ನಿಲ್ಲಿಸುವ ಮನುಷ್ಯನಿಗೆ ಹೆಂಡತಿ ಏನು ಹೇಳಲು ಸಾಧ್ಯ? ಅವಳು ಮತ್ತೆ ಮತ್ತೆ ಕೇಳಿದಳು. ಅವರು ಮತ್ತೆ ಮತ್ತೆ ಹೊಡೆದು ತೋರಿಸಿದರು.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿ, ಕತ್ತರಿಗಳನ್ನೆಲ್ಲ ಪೂಜೆಗಿಟ್ಟು ಮುಟ್ಟದೆ ಬಿಡುವುದು. ಮಾರನೆಯ ದಿನ ವಿಜಯದಶಮಿಯ ಬೆಳಿಗ್ಗೆ ಮೊದಲ ವಿಭೂತಿಗಟ್ಟಿಯನ್ನು ನಮ್ಮವ್ವನ ಕೈಯಿಂದ ಕೊಡಿಸುವುದು. ಮನೆಯ ಹೆಂಗಸಿನ ಕೈ ಬಿದ್ದರೆ ವರ್ಷವಿಡೀ ವ್ಯಾಪಾರ ಎಂಬ ನಂಬಿಕೆ. ವಿಭೂತಿ ಹೋದರೂ ಶಿವರುದ್ರಪ್ಪನವರು ಪದ್ಧತಿ ಬಿಟ್ಟಿರಲಿಲ್ಲ, ಏಕೆಂದರೆ ಅದರಲ್ಲಿ ಖರ್ಚಿರಲಿಲ್ಲ. ಪ್ರತಿವರ್ಷ ಕುಂಕುಮ ಹಚ್ಚಿದ ಬಂದೂಕನ್ನು ಸಿದ್ದಲಿಂಗಮ್ಮನ ಕೈಗೆ ಕೊಟ್ಟು, ಖಾಲಿ ತೆರೆಗೆ ಒಂದು ಗುಂಡು ಹೊಡೆಸಿ, ಆಮೇಲೆ ತಾವು ಗುರಿ ಕೂಡಿಸುತ್ತಿದ್ದರು.

ಆ ವರ್ಷ ಅವರು ಆತುರದಲ್ಲಿ ಗುರಿ ಕೂಡಿಸುವ ತೆರೆಯನ್ನು ಮೊದಲೇ ತೆರೆದಿಟ್ಟು ಬಂದೂಕನ್ನು ಅವಳ ಕೈಗೆ ಕೊಟ್ಟರು. ಅಷ್ಟರಲ್ಲಿ ಗೇಟಿನಲ್ಲಿ ಬನ್ನಿ ಕೊಡಲು ಯಾರೋ ಬಂದರು. ತಾತನ ಶಿಕಾರಿಯನ್ನು ಇನ್ನೂ ಕೇಳಿರದ ಹೊಸ ನೆಂಟರು. ಯಜಮಾನರು ಹೊರಗೆ ಹೋದವರು ಬರಲೇ ಇಲ್ಲ. ಸಿದ್ದಲಿಂಗಮ್ಮ ತೆರೆಯ ನಡುವಿನ ಗುರುತಿಗೆ ಒಂದು ಗುಂಡು ಹೊಡೆದಳು. ಗುರುತು ಮಾಯವಾಗಿ ಮೂಲೆಯಲ್ಲಿ ಮೂಡಿತು. ಈ ಸಲ ಪೂಜೆ ಹೀಗಿರಬೇಕು ಎಂದುಕೊಂಡು ಅದಕ್ಕೂ ಹೊಡೆದಳು. ಹೀಗೇ ಎಲ್ಲ ಮೂಲೆಗೂ ಭಕ್ತಿಯಿಂದ ಹೊಡೆದು, ಗಂಡ ಕೊನೆಗೆ ಒತ್ತುತ್ತಿದ್ದ ಕೀಲಿಮಣೆಯ ದೊಡ್ಡ ಕೀಲಿಯನ್ನು ತಾನೂ ಒತ್ತಿ, ಬಂದೂಕು ಇಟ್ಟು ಹೋಳಿಗೆಯ ಕೆಲಸಕ್ಕೆ ಒಳಗೆ ಬಂದಳು. ಶಿವರುದ್ರಪ್ಪನವರು ಮರಳಿದಾಗ ತೆರೆಯ ಮೇಲೆ ಆಟದ ಪಟ್ಟಿ ಸಿದ್ಧವಾಗಿತ್ತು. ತಾವೇ ಕೂಡಿಸಿ ಎದ್ದುಹೋಗಿರಬೇಕು ಎಂದುಕೊಂಡರು. ಈ ಮನೆಯಲ್ಲಿ ಯಾವ ಕೆಲಸ ಮುಗಿದಿದ್ದರೂ ಅದನ್ನು ತಾವೇ ಮಾಡಿದ್ದೆಂದು ತಿಳಿಯುವುದು ಅವರಿಗೆ ರೂಢಿ.

ಹಬ್ಬದ ದಿನ, ಅಂಗಡಿ ತುಂಬ ಜನ. ಸ್ವರೂಪ್ ಅಭ್ಯಾಸದಂತೆ ನಾಲ್ಕು ಬೆರಳು ಎಡಕ್ಕಿಟ್ಟು ಹೊಡೆದ, ತಪ್ಪಿತು. ಮತ್ತೆ ಹೊಡೆದ, ಮತ್ತೆ ತಪ್ಪಿತು. ಬೇಸತ್ತು ನೇರ ಇಟ್ಟ. ಬಿತ್ತು. ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಒಬ್ಬರಿಂದೊಬ್ಬರು ಬಂದೂಕು ಕಸಿದುಕೊಂಡು ಆಡಿದರು, ಎಲ್ಲರಿಗೂ ಬಿತ್ತು. ಹಿಂದೆಂದೂ ಮುಟ್ಟದವರಿಗೂ ಬಿತ್ತು. ಗದ್ದಲ ಕೇಳಿ ನಾವಿಬ್ಬರೂ ಬಾಗಿಲಿಗೆ ಬಂದೆವು. ಯಜಮಾನರು ನಗುತ್ತ ಮುಂದೆ ಬಂದು, ಈಗ ನೋಡಿ ಎಂಬಂತೆ ಬಂದೂಕನ್ನು ಭುಜಕ್ಕೆ ಏರಿಸಿದರು. ಮೊದಲ ಗುಂಡು ಎಡಕ್ಕೆ ಹೋಯಿತು. ಎರಡನೆಯದೂ ಎಡಕ್ಕೆ. ಆಟ ಮುಗಿಯುವವರೆಗೂ ಎಲ್ಲವೂ ಎಡಕ್ಕೆ, ಎಲ್ಲವೂ ನಾಲ್ಕು ಬೆರಳಷ್ಟೇ. ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಬೈಯುವುದಕ್ಕಾದರೂ ಒಂದು ದಾರಿಯಿರುತ್ತಿತ್ತು.

ಮಧ್ಯಾಹ್ನ ಜನವೆಲ್ಲ ಜಂಬೂಸವಾರಿ ನೋಡಲು ಹೋದ ಮೇಲೆ ಸಿದ್ದಲಿಂಗಮ್ಮ ಅಂಗಡಿಗೆ ಹೋಗಿ, ಬೆಳಿಗ್ಗೆ ತಾನು ಮಾಡಿದ್ದನ್ನು ಹೇಳಿದಳು. ನಾನು ಕಿಟಕಿಯಲ್ಲಿದ್ದೆ.

"ಬಂದೂಕು ಸರಿಯಾಗೇ ಅದೆ ಕಣ್ರೀ. ಎಲ್ರಿಗೂ ಬಿತ್ತು, ನಿಮಗೊಬ್ರಿಗೇ ಬೀಳ್ನಿಲ್ಲ. ನಾಳೀಕೇ ಕಣ್ಣು ತೋರುಸ್ಕೊಂಡು ಬರಾಣ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಒಳಗೆ ಬಂದ ಮೇಲೆ ಅವರು ತುಂಬ ಹೊತ್ತು ಕೂತೇ ಇದ್ದರು. ಆಮೇಲೆ ನಾನು ಕಣ್ಣಾರೆ ನೋಡಿದೆ: ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಟಿವಿಯ ಕಡೆ ನೋಡಿದರು. ಕೈ ತೆಗೆದರು. ಮತ್ತೆ ಮುಚ್ಚಿ ನೋಡಿದರು. ಅವರಿಗೆ ಗೊತ್ತಾಯಿತು. ಅಲ್ಲಿಯವರೆಗೆ ಇದ್ದದ್ದು ಬರೀ ಜಂಬ, ಜಂಬಕ್ಕೆ ಕ್ಷಮೆಯಿದೆ. ಈಗ ಗೊತ್ತಾಯಿತಲ್ಲ, ಏಳುತ್ತಾರೆ, ತಂಗಿಯನ್ನು ಕರೆಯುತ್ತಾರೆ ಎಂದು ನಾನು ಕಾದೆ. ಅವರು ಎದ್ದರು. ಕಂಪ್ಯೂಟರ್ ಹಾಕಿ, ಬಂದೂಕು ಭುಜಕ್ಕಾನಿಸಿ, ನಡುವಿಗೊಂದು ಮೂಲೆಗೊಂದು ಹೊಡೆದು ಮತ್ತೆ ತಮಗೆ ಬೇಕಾದಂತೆ ಗುರಿ ಕೂಡಿಸಿಕೊಂಡರು. ಆಮೇಲೆ ಒಬ್ಬರೇ ಆಡಿದರು. ಎಲ್ಲ ಬಿತ್ತು. ಆ ಮನುಷ್ಯನ ಮೇಲೆ ನನಗಿದ್ದ ಅಸಡ್ಡೆ ಆ ಮಧ್ಯಾಹ್ನ ಹೇಸಿಗೆಯಾಯಿತು. ತಂಗಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವಳು ಹೋಳಿಗೆಯ ಹೆಂಚಿನ ಮುಂದೆ ಕೂತು ಅತ್ತಳು.

ಹಬ್ಬದ ದಿನ ಸರಿಯಾದ ಬಂದೂಕಿನ ರುಚಿ ಕಂಡವರು ಮತ್ತೆ ನಾಲ್ಕು ಬೆರಳಿನ ಲೆಕ್ಕಕ್ಕೆ ಒಗ್ಗಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು. ಸ್ವರೂಪ್ ಕೊನೆಯ ಸಲ ಬಂದಾಗ, ಆಂಟಿ ಕೈಲಿ ಕೂಡಿಸಿ ಅಂಕಲ್ ಎಂದು ಕೇಳಿ ಬೈಸಿಕೊಂಡು ಹೋದ. ಖಾಲಿ ಅಂಗಡಿಯಲ್ಲಿ ಸಂಜೆಯ ಹೊತ್ತು ಯಜಮಾನರು ಒಬ್ಬರೇ ಬೀಟೆ ಮರದ ಹಿಡಿ ಭುಜಕ್ಕಿಟ್ಟು, ಒಂದೂ ತಪ್ಪದಂತೆ ಹೊಡೆಯುತ್ತ ನಿಂತಿರುತ್ತಿದ್ದರು. ಡಾಕ್ಟರ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಿದ್ದರು. ಹೀಗೆ ಇನ್ನೊಂದು ವರ್ಷ ಹೋಯಿತು.

ಕೊನೆಗೆ ಅವರನ್ನು ಹಿಡಿದದ್ದು ಪಾದಪೂಜೆ. ನಮ್ಮ ಮನೆತನದ ಮಠದ ಸ್ವಾಮಿಗಳು ಮನೆಗೆ ಬಿಜಯಂಗೈದಿದ್ದರು. ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಹಿತ್ತಾಳೆ ತಟ್ಟೆಯಲ್ಲಿ ಅವರ ಪಾದವಿರಿಸಿ, ನೆಂಟರಿಷ್ಟರೆಲ್ಲ ಸುತ್ತ ಕೂತಿದ್ದಾಗ ಶಿವರುದ್ರಪ್ಪನವರು ತಂಬಿಗೆ ಎತ್ತಿ ನೀರೆರೆದರು. ನೀರು ಪಾದಕ್ಕೆ ಬೀಳಲಿಲ್ಲ, ತಟ್ಟೆಗೂ ಬೀಳಲಿಲ್ಲ. ತಟ್ಟೆಯ ಪಕ್ಕದ ನೆಲಕ್ಕೆ ಸುರಿದು ಸಾಲಾಗಿ ಕೂತ ಹೆಂಗಸರ ಸೀರೆಯಂಚಿಗೆ ಹರಿಯಿತು. ಅವರು ಮಾತ್ರ ಭಕ್ತಿಯಿಂದ ಎರೆಯುತ್ತಲೇ ಇದ್ದರು.

"ಪಾದ ಇತ್ತಲಾಗಿ ಅದೆ, ಶಿವರುದ್ರಪ್ಪ," ಎಂದರು ಸ್ವಾಮಿಗಳು ಮೆಲ್ಲಗೆ.

ಮಣೆ ಓರೆಯಾಗಿ ಹಾಕಿದ್ದಾರೆ ಬುದ್ಧಿ ಎಂದು ಇವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಸ್ವಾಮಿಗಳು ಮಣೆ ನೋಡಲಿಲ್ಲ, ಇವರ ಮುಖವನ್ನೇ ನೋಡಿದರು. ನಾಳೆಯೇ ಕಣ್ಣು ತೋರಿಸಿಕೊಂಡು ಬರಬೇಕೆಂದು ಅಪ್ಪಣೆ ಮಾಡಿ, ಕರೆದೊಯ್ಯುವ ಹೊಣೆ ಅವಳದೆಂಬಂತೆ ಪ್ರಸಾದವನ್ನು ಸಿದ್ದಲಿಂಗಮ್ಮನ ಸೆರಗಿಗೆ ಹಾಕಿದರು. ಹೆಂಡತಿ ಕಾಲಿಗೆ ಬಿದ್ದರೂ ಏಳದವರು ಹೀಗೆ ಎದ್ದರು.

ಡಾಕ್ಟರು ವಯಸ್ಸಾದವರು, ಮೆತ್ತಗಿನ ಸ್ವಭಾವದವರು. ಉಪಕರಣ ಹಿಡಿದು ಎರಡೂ ಕಣ್ಣಿನೊಳಗೆ ಬಹಳ ಹೊತ್ತು ನೋಡಿ, ಒಳಗಿನ ಒತ್ತಡದಿಂದ ಬಲಗಣ್ಣಿನ ನರ ಒಣಗಿಹೋಗಿದೆ, ಎಡಗಣ್ಣನ್ನು ದಿನಾ ಔಷಧಿ ಹಾಕಿ ಉಳಿಸಿಕೊಳ್ಳಬಹುದು ಎಂದರು. ಒಂದು ವರ್ಷ ಮೊದಲು ಬಂದಿದ್ದರೆ, ಎಂದು ಅರ್ಧ ಹೇಳಿ ನನ್ನ ತಂಗಿಯ ಮುಖ ನೋಡಿ ನಿಲ್ಲಿಸಿದರು. ಶಿವರುದ್ರಪ್ಪನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಲಗಣ್ಣಿನಲ್ಲಿ ತಮಗೆ ಚೆನ್ನಾಗಿಯೇ ಕಾಣುತ್ತದೆ, ಬೇಕಾದರೆ ಓದಿಸಿ ನೋಡಿ ಎಂದರು. ಡಾಕ್ಟರು ಎಡಗಣ್ಣಿಗೆ ಕಪ್ಪು ಮುಚ್ಚಳ ಹಿಡಿಸಿ, ಗೋಡೆಯ ಮೇಲಿನ ಅಕ್ಷರದ ಹಲಗೆ ಓದಲು ಹೇಳಿದರು. ಮೇಲಿನ ಅಕ್ಷರ ಅಂಗೈಯಷ್ಟು ದೊಡ್ಡದಿತ್ತು.

ಇವರು ಕತ್ತು ಮುಂದೆ ಚಾಚಿ, ನಿಮ್ಮ ಹಲಗೆ ಸರಿಯಾಗಿ ಕೂಡಿಸಿಲ್ಲ, ಎಡಕ್ಕೆ ಬರಬೇಕು ಎಂದರು. ಡಾಕ್ಟರು ಹಲಗೆಯನ್ನು ಮೊಳೆಯಿಂದ ತೆಗೆದು ಎಡಕ್ಕೆ ಹಿಡಿದರು. ಇನ್ನೂ ಎಡಕ್ಕೆ ಎಂದರು ಇವರು. ಡಾಕ್ಟರು ಇನ್ನೂ ಸರಿದರು. ಆಮೇಲೆ ಒಮ್ಮೆ ಸಿದ್ದಲಿಂಗಮ್ಮನ ಕಡೆ ನೋಡಿ, ಸದ್ದಾಗದಂತೆ ಹಲಗೆಯನ್ನು ಮೇಜಿನ ಮೇಲೆ ಮಗುಚಿಟ್ಟು, ತಮ್ಮ ಕುರ್ಚಿಯಲ್ಲಿ ಕೂತು ಔಷಧಿ ಚೀಟಿ ಬರೆಯತೊಡಗಿದರು. ನನ್ನ ತಂಗಿ ತಲೆ ತಗ್ಗಿಸಿದಳು. ಶಿವರುದ್ರಪ್ಪನವರು ಖಾಲಿ ಗೋಡೆಯತ್ತ ಮುಖವೆತ್ತಿ, ಕೈಯಾಡಿಸುತ್ತ ಹೇಳುತ್ತಲೇ ಇದ್ದರು:

"ಇನ್ನೊಂಚೂರು ಎಡಕ್ಕೆ ಡಾಕ್ಟ್ರೇ. ಆ, ಅಂಗೇ. ಈಗ ಸರಿಯಾಗಿ ಬರ್ತಾ ಅದೆ."